ಪೋಲೆಂಡ್–ಜರ್ಮನಿ ಸಾಮರಸ್ಯ ಪ್ರಕ್ರಿಯೆ

ಎರಡನೆಯ ಮಹಾಯುದ್ಧದ ನಂತರ ಪೋಲೆಂಡ್ ಮತ್ತು ಜರ್ಮನಿಗಳ ನಡುವೆ ಕ್ರಮೇಣ ರೂಪುಗೊಂಡ ರಾಜಕೀಯ, ಧಾರ್ಮಿಕ ಹಾಗೂ ಸಾಮಾಜಿಕ ಹೊಂದಾಣಿಕೆಯನ್ನು ಪೋಲೆಂಡ್–ಜರ್ಮನಿ ಸಾಮರಸ್ಯ ಪ್ರಕ್ರಿಯೆ ಎಂದು ಕರೆಯಲಾಗುತ್ತದೆ. 1965ರಲ್ಲಿ ಪೋಲೆಂಡಿನ ಕ್ಯಾಥೊಲಿಕ್ ಧರ್ಮಾಧ್ಯಕ್ಷರು ಜರ್ಮನ್ ಧರ್ಮಾಧ್ಯಕ್ಷರಿಗೆ ಬರೆದ ಪತ್ರ, 1970ರ ವಾರ್ಸಾ ಒಪ್ಪಂದ, 1990ರ ಗಡಿ ಒಪ್ಪಂದ ಮತ್ತು 1991ರ ಸಜ್ಜನ ನೆರೆಹೊರೆ ಒಪ್ಪಂದಗಳು ಈ ಪ್ರಕ್ರಿಯೆಯ ಪ್ರಮುಖ ಘಟ್ಟಗಳು. ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಗಳು 1963ರಲ್ಲಿಯೇ ಎಲಿಸೀ ಒಪ್ಪಂದದ ಮೂಲಕ ಹಳೆಯ ವೈರವನ್ನು ಔಪಚಾರಿಕವಾಗಿ ಮುಗಿಸಿದ್ದವು. ಪೋಲೆಂಡಿನ ವಿಷಯದಲ್ಲಿ ಅದೇ ಕೆಲಸಕ್ಕೆ ಇನ್ನೂ ಮೂರು ದಶಕಗಳು ಹಿಡಿದವು. ಶೀತಲ ಸಮರ ಇದಕ್ಕೆ ಒಂದು ಕಾರಣ. ಅದಕ್ಕಿಂತ ಮುಖ್ಯವಾದ ಕಾರಣ, ಎರಡು ದೇಶಗಳ ನಡುವಿನ ಗಡಿ ಎಲ್ಲಿದೆ ಎಂಬುದೇ 1990ರವರೆಗೆ ಅಂತಿಮವಾಗಿ ತೀರ್ಮಾನವಾಗಿರಲಿಲ್ಲ ಎಂಬುದು.

ಹಿನ್ನೆಲೆ

ಪೋಲೆಂಡ್ ರಾಜ್ಯವನ್ನು ಪ್ರಷ್ಯಾ, ಆಸ್ಟ್ರಿಯಾ ಮತ್ತು ರಷ್ಯಾಗಳು 1772, 1793 ಹಾಗೂ 1795ರಲ್ಲಿ ಮೂರು ಹಂತಗಳಲ್ಲಿ ಹಂಚಿಕೊಂಡವು. ಆನಂತರ 123 ವರ್ಷಗಳ ಕಾಲ ಯುರೋಪಿನ ಭೂಪಟದಲ್ಲಿ ಸ್ವತಂತ್ರ ಪೋಲೆಂಡ್ ಇರಲಿಲ್ಲ. ಪ್ರಷ್ಯಾದ ಪಾಲಿಗೆ ಬಂದ ಪ್ರದೇಶಗಳಲ್ಲಿ, ವಿಶೇಷವಾಗಿ 1871ರ ನಂತರ, ಶಾಲೆ ಮತ್ತು ಆಡಳಿತದಿಂದ ಪೋಲಿಷ್ ಭಾಷೆಯನ್ನು ಹೊರದೂಡುವ ನೀತಿ ಬಿಗಿಗೊಂಡಿತು. 1901ರಲ್ಲಿ ವ್ಝೆಶ್ನ್ಯಾ ಎಂಬ ಪಟ್ಟಣದ ಶಾಲಾಮಕ್ಕಳು ಧರ್ಮಪಾಠವನ್ನು ಜರ್ಮನ್ ಭಾಷೆಯಲ್ಲಿ ಒಪ್ಪಿಸಲು ನಿರಾಕರಿಸಿ ಛಡಿಯೇಟು ತಿಂದರು. ಪ್ರತಿಭಟಿಸಿದ ಪೋಷಕರಿಗೆ ಸೆರೆವಾಸವಾಯಿತು. ಈ ಘಟನೆ ಪೋಲಿಷ್ ಜನರ ನೆನಪಿನಲ್ಲಿ ಇಂದಿಗೂ ಉಳಿದಿದೆ.

1918ರಲ್ಲಿ ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. ಮರುವರ್ಷದ ವರ್ಸೈ ಒಪ್ಪಂದದ ಮೇರೆಗೆ ಪೊಜ್ನಾನ್ ಪ್ರದೇಶವೂ ಬಾಲ್ಟಿಕ್ ಸಮುದ್ರಕ್ಕೆ ಹೋಗುವ ಒಂದು ಭೂಪಟ್ಟಿಯೂ ಅದಕ್ಕೆ ದೊರೆತವು. ಡಾನ್ಜಿಗ್ ನಗರ ರಾಷ್ಟ್ರಸಂಘದ ರಕ್ಷಣೆಯಲ್ಲಿ ಸ್ವತಂತ್ರ ನಗರವಾಯಿತು. ಈ ಗಡಿಯನ್ನು ಜರ್ಮನಿಯ ಯಾವ ಪ್ರಮುಖ ಪಕ್ಷವೂ ಮನಸಾರೆ ಒಪ್ಪಲಿಲ್ಲ. ಹಿಟ್ಲರ್ ಬರುವ ಮುಂಚೆಯೇ ಅಸಮಾಧಾನ ಬೇರೂರಿತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ಯುದ್ಧದ ವರ್ಷಗಳು

1939ರ ಸೆಪ್ಟೆಂಬರ್ 1ರ ಮುಂಜಾನೆ ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿತು. ಗಡಿಯ ಸಮೀಪದ ವಿಯೆಲೂನ್ ಪಟ್ಟಣದ ಮೇಲೆ ವಿಮಾನಗಳು ಬಾಂಬುಗಳನ್ನು ಸುರಿಸಿದವು. ಸೆಪ್ಟೆಂಬರ್ 17ರಂದು ಸೋವಿಯತ್ ಒಕ್ಕೂಟ ಪೂರ್ವದಿಂದ ನುಗ್ಗಿತು. ಒಂದು ತಿಂಗಳ ಹಿಂದೆ, ಆಗಸ್ಟ್ 23ರಂದು, ಈ ಎರಡು ಶಕ್ತಿಗಳು ಪೋಲೆಂಡನ್ನು ಹಂಚಿಕೊಳ್ಳುವ ರಹಸ್ಯ ಒಡಂಬಡಿಕೆ ಮಾಡಿಕೊಂಡಿದ್ದವು.

ಪೋಲೆಂಡಿನಲ್ಲಿ ಜರ್ಮನ್ ಆಡಳಿತವು ಪಶ್ಚಿಮ ಯುರೋಪಿನ ಆಕ್ರಮಿತ ದೇಶಗಳಲ್ಲಿ ಕಂಡ ಆಡಳಿತಕ್ಕಿಂತ ತೀರ ಭಿನ್ನವಾಗಿತ್ತು. ಇಲ್ಲಿ ಜನರನ್ನು ಆಳುವುದಷ್ಟೇ ಗುರಿಯಾಗಿರಲಿಲ್ಲ. ಪೋಲಿಷ್ ಸಮಾಜದ ವಿದ್ಯಾವಂತ ವರ್ಗವನ್ನು ಅಳಿಸಿ, ಉಳಿದವರನ್ನು ದುಡಿಮೆಯಾಳುಗಳನ್ನಾಗಿ ಮಾಡುವುದು ಗುರಿಯಾಗಿತ್ತು. 1939ರ ನವೆಂಬರ್ 6ರಂದು ಕ್ರಾಕೋವ್‌ನ ಯಾಗೆಲೋನಿಯನ್ ವಿಶ್ವವಿದ್ಯಾಲಯದ ಅಧ್ಯಾಪಕರನ್ನು ಉಪನ್ಯಾಸಕ್ಕೆಂದು ಸಭಾಂಗಣಕ್ಕೆ ಕರೆಸಿ, 180ಕ್ಕೂ ಹೆಚ್ಚು ಜನರನ್ನು ಅಲ್ಲಿಯೇ ಬಂಧಿಸಲಾಯಿತು. ಬಹುತೇಕರನ್ನು ಜರ್ಮನಿಯ ಬಂದಿಶಿಬಿರಕ್ಕೆ ಸಾಗಿಸಲಾಯಿತು. ಲಕ್ಷಾಂತರ ಪೋಲಿಷ್ ನಾಗರಿಕರನ್ನು ಜರ್ಮನಿಯ ಹೊಲಗಳಿಗೂ ಕಾರ್ಖಾನೆಗಳಿಗೂ ಬಲವಂತದ ದುಡಿಮೆಗೆ ಕೊಂಡೊಯ್ದರು. 1940ರ ಮಾರ್ಚ್ ಆದೇಶದಂತೆ ಅವರು ಬಟ್ಟೆಯ ಮೇಲೆ ‘ಪಿ’ ಅಕ್ಷರದ ಗುರುತು ಧರಿಸಬೇಕಾಗಿತ್ತು.

ಯುದ್ಧದಲ್ಲಿ ಪೋಲೆಂಡಿನ ಸುಮಾರು 55ರಿಂದ 60 ಲಕ್ಷ ಪ್ರಜೆಗಳು ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಅಂದರೆ ಸುಮಾರು 30 ಲಕ್ಷ ಜನ, ಯಹೂದ್ಯರು. 1943ರ ಏಪ್ರಿಲ್‌ನಲ್ಲಿ ವಾರ್ಸಾದ ಯಹೂದಿ ಕೇರಿಯವರು ಬಂಡೆದ್ದರು. ಆ ಕೇರಿಯನ್ನು ಸುಟ್ಟು ನೆಲಸಮ ಮಾಡಲಾಯಿತು. 1944ರ ಆಗಸ್ಟ್ 1ರಂದು ಇಡೀ ನಗರದ ಪೋಲಿಷ್ ಭೂಗತ ಸೇನೆ ದಂಗೆಯೆದ್ದಿತು. 63 ದಿನಗಳ ಆ ಹೋರಾಟದಲ್ಲಿ ಒಂದೂವರೆಯಿಂದ ಎರಡು ಲಕ್ಷದಷ್ಟು ನಾಗರಿಕರು ಮಡಿದರು. ಶರಣಾಗತಿಯ ನಂತರವೂ ಜರ್ಮನ್ ಪಡೆಗಳು ಉಳಿದ ಕಟ್ಟಡಗಳನ್ನು ಬೀದಿಬೀದಿಯಾಗಿ ಸಿಡಿಸಿದವು. ಇವು ಎರಡು ಬೇರೆ ಬೇರೆ ದಂಗೆಗಳು. ಇವನ್ನು ಒಂದೆಂದು ಭಾವಿಸುವ ತಪ್ಪು ಹೊರದೇಶಗಳಲ್ಲಿ ಇಂದಿಗೂ ಸಾಮಾನ್ಯ. ಪೋಲೆಂಡಿನವರನ್ನು ಅದು ಬಹಳವಾಗಿ ನೋಯಿಸುತ್ತದೆ.

ಪಶ್ಚಿಮಕ್ಕೆ ಸರಿದ ದೇಶ

ಯುದ್ಧ ಮುಗಿದಾಗ ಪೋಲೆಂಡ್ ಇದ್ದ ಜಾಗದಲ್ಲಿಯೇ ಉಳಿಯಲಿಲ್ಲ. 1939ರಲ್ಲಿ ತಾನು ವಶಪಡಿಸಿಕೊಂಡಿದ್ದ ಪೂರ್ವಪ್ರದೇಶಗಳ ಬಹುಪಾಲನ್ನು ಸೋವಿಯತ್ ಒಕ್ಕೂಟ ಬಿಟ್ಟುಕೊಡಲಿಲ್ಲ. ಅದಕ್ಕೆ ಬದಲಾಗಿ ಓಡರ್ ಮತ್ತು ನೈಸೆ ನದಿಗಳವರೆಗಿನ ಜರ್ಮನ್ ನೆಲವನ್ನು ಪೋಲೆಂಡಿನ ಆಡಳಿತಕ್ಕೆ ಒಪ್ಪಿಸಲಾಯಿತು. 1945ರ ಆಗಸ್ಟ್ 2ರ ಪಾಟ್ಸ್‌ಡ್ಯಾಮ್ ನಿರ್ಣಯವು ಇದನ್ನು ಅನುಮೋದಿಸಿತಾದರೂ, ಅಂತಿಮ ಗಡಿಯನ್ನು ಮುಂದೆ ನಡೆಯಲಿರುವ ಶಾಂತಿ ಸಮ್ಮೇಳನಕ್ಕೆ ಬಿಟ್ಟಿತು. ಆ ಸಮ್ಮೇಳನ ನಡೆಯಲೇ ಇಲ್ಲ. ಮುಂದಿನ 45 ವರ್ಷಗಳ ಬಿಕ್ಕಟ್ಟಿನ ಮೂಲ ಈ ಒಂದು ವಾಕ್ಯದಲ್ಲಿದೆ.

ಬ್ರೆಸ್ಲೌ ನಗರ ವ್ರೊತ್ಸ್ವಾಫ್ ಆಯಿತು, ಸ್ಟೆಟಿನ್ ಶ್ಚೆಚಿನ್ ಆಯಿತು, ಡಾನ್ಜಿಗ್ ಗ್ಡಾನ್ಸ್ಕ್ ಆಯಿತು. ಅಲ್ಲಿದ್ದ ಜರ್ಮನರಲ್ಲಿ ಕೆಲವರು ಸೋವಿಯತ್ ಸೇನೆ ಸಮೀಪಿಸಿದಾಗಲೇ ಓಡಿಹೋಗಿದ್ದರು. ಉಳಿದವರಲ್ಲಿ ಬಹುತೇಕರನ್ನು ಹೊರಹಾಕಲಾಯಿತು. ಮಧ್ಯ ಮತ್ತು ಪೂರ್ವ ಯುರೋಪಿನಾದ್ಯಂತ ಹೀಗೆ ನೆಲೆ ಕಳೆದುಕೊಂಡ ಜರ್ಮನರ ಸಂಖ್ಯೆ ಸುಮಾರು 1.2 ಕೋಟಿ. ದಾರಿಯಲ್ಲಿ ಮತ್ತು ಶಿಬಿರಗಳಲ್ಲಿ ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅಂದಾಜುಗಳು ಕೆಲವು ಲಕ್ಷಗಳಿಂದ 20 ಲಕ್ಷದವರೆಗೆ ವ್ಯತ್ಯಾಸಗೊಳ್ಳುತ್ತವೆ.

ಖಾಲಿಯಾದ ಆ ಮನೆಗಳಿಗೆ ಬಂದವರಲ್ಲಿ ಅನೇಕರು ಸ್ವತಃ ಮನೆ ಕಳೆದುಕೊಂಡವರು. ಸೋವಿಯತ್ ಒಕ್ಕೂಟಕ್ಕೆ ಸೇರಿಹೋದ ಲ್ವೂಫ್ (ಇಂದಿನ ಉಕ್ರೇನಿನ ಲ್ವಿವ್) ನಗರದಿಂದ ಪೋಲಿಷ್ ಜನರು ಸಾಮಾನು ಸರಂಜಾಮುಗಳೊಂದಿಗೆ ವ್ರೊತ್ಸ್ವಾಫ್‌ಗೆ ಬಂದಿಳಿದರು. ಅಲ್ಲಿನ ಪ್ರಸಿದ್ಧ ಒಸ್ಸೊಲಿನಿಯಂ ಗ್ರಂಥಾಲಯದ ಸಂಗ್ರಹದ ಒಂದು ಭಾಗವೂ ಬಂತು. ರಷ್ಯನ್ನರ ವಿರುದ್ಧ ಗೆದ್ದ 1794ರ ಕದನವನ್ನು ಚಿತ್ರಿಸುವ ‘ರಾತ್ಸ್ವಾವಿತ್ಸೆ ಪನೋರಮಾ’ ಎಂಬ ಬೃಹತ್ ವರ್ಣಚಿತ್ರವೂ ಸುರುಳಿ ಸುತ್ತಿಕೊಂಡು ಬಂತು. ಸೋವಿಯತ್ ಒಕ್ಕೂಟಕ್ಕೆ ಮುಜುಗರವಾಗಬಾರದೆಂದು ಆ ಚಿತ್ರವನ್ನು 1985ರವರೆಗೆ ಸಾರ್ವಜನಿಕರಿಗೆ ತೆರೆದಿಡಲಿಲ್ಲ. ಹೊಸ ನಿವಾಸಿಗಳಲ್ಲಿ ಎಷ್ಟೋ ಜನ, ಜರ್ಮನರು ಎಂದಾದರೂ ಹಿಂತಿರುಗಿ ಬರಬಹುದೆಂಬ ಭಯದಲ್ಲಿ, ವರ್ಷಗಟ್ಟಲೆ ಮನೆಗಳನ್ನು ದುರಸ್ತಿ ಮಾಡದೆ ಬದುಕಿದರು.

ಪೂರ್ವ ಜರ್ಮನಿಯ ಕಮ್ಯುನಿಸ್ಟ್ ಸರ್ಕಾರ 1950ರ ಜುಲೈ 6ರಂದು ಮಾಡಿಕೊಂಡ ಒಪ್ಪಂದದಲ್ಲಿ ಹೊಸ ಗಡಿಯನ್ನು ಮಾನ್ಯ ಮಾಡಿತು. ಅದು ಜನರ ನಡುವಿನ ಹೊಂದಾಣಿಕೆಯಾಗಿರದೆ ಮಾಸ್ಕೋದ ಇಚ್ಛೆಯ ಪಾಲನೆಯಾಗಿತ್ತು. ಪಶ್ಚಿಮ ಜರ್ಮನಿ ಗಡಿಯನ್ನು ಒಪ್ಪಲಿಲ್ಲ. ಅಲ್ಲಿ ನೆಲೆಸಿದ್ದ ಉಚ್ಚಾಟಿತರ ಸಂಘಟನೆಗಳು 1950ರ ಆಗಸ್ಟ್‌ನಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಒಂದು ಸನ್ನದು ಹೊರಡಿಸಿ, ಸೇಡನ್ನು ತ್ಯಜಿಸುವುದಾಗಿ ಘೋಷಿಸಿದವು. ಆದರೆ ತಮ್ಮ ಉಚ್ಚಾಟನೆಗೆ ಮುಂಚೆ ಪೋಲೆಂಡಿನಲ್ಲಿ ಜರ್ಮನಿ ಏನು ಮಾಡಿತ್ತು ಎಂಬುದರ ಪ್ರಸ್ತಾಪವೇ ಆ ಸನ್ನದಿನಲ್ಲಿ ಇರಲಿಲ್ಲ. ಅತ್ತ ಪೋಲೆಂಡಿನಲ್ಲಿ ಜರ್ಮನರ ಉಚ್ಚಾಟನೆಯ ಕಷ್ಟಗಳ ಬಗ್ಗೆ ಬರೆಯುವುದು ನಿಷಿದ್ಧವಾಗಿತ್ತು.

1965ರ ಪತ್ರ

ಈ ಮೌನವನ್ನು ಮೊದಲು ಮುರಿದವು ಸರ್ಕಾರಗಳಲ್ಲ, ಧಾರ್ಮಿಕ ಸಂಸ್ಥೆಗಳು. ಪೂರ್ವ ಜರ್ಮನಿಯ ಪ್ರಾಟೆಸ್ಟಂಟ್ ನಾಯಕ ಲೋಥಾರ್ ಕ್ರೈಸಿಗ್ 1958ರಲ್ಲಿ ‘ಪ್ರಾಯಶ್ಚಿತ್ತ ಕಾರ್ಯ’ ಎಂಬರ್ಥದ ಸಂಸ್ಥೆಯೊಂದನ್ನು ಸ್ಥಾಪಿಸಿದ್ದರು; ಯುದ್ಧದಲ್ಲಿ ಜರ್ಮನಿಯಿಂದ ಹಾನಿಗೊಳಗಾದ ದೇಶಗಳಿಗೆ ಯುವಜನರನ್ನು ಶ್ರಮದಾನಕ್ಕಾಗಿ ಕಳುಹಿಸುವುದು ಅದರ ಉದ್ದೇಶ. 1965ರ ಅಕ್ಟೋಬರ್‌ನಲ್ಲಿ ಜರ್ಮನಿಯ ಪ್ರಾಟೆಸ್ಟಂಟ್ ಚರ್ಚು ಒಂದು ದಸ್ತಾವೇಜು ಪ್ರಕಟಿಸಿ, ಕಳೆದುಕೊಂಡ ಪೂರ್ವಪ್ರದೇಶಗಳ ಬಗ್ಗೆ ಮರುಚಿಂತನೆ ನಡೆಸುವಂತೆ ಜರ್ಮನರಿಗೆ ಕರೆಕೊಟ್ಟಿತು. ಉಚ್ಚಾಟಿತರ ಸಂಘಟನೆಗಳು ಅದನ್ನು ಉಗ್ರವಾಗಿ ವಿರೋಧಿಸಿದವು.

ಅದೇ ವರ್ಷದ ನವೆಂಬರ್ 18ರಂದು, ರೋಮಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಮುಗಿಯುವ ಹೊತ್ತಿಗೆ, ಪೋಲೆಂಡಿನ ಧರ್ಮಾಧ್ಯಕ್ಷರು ತಮ್ಮ ಜರ್ಮನ್ ಸಹೋದ್ಯೋಗಿಗಳಿಗೆ ಒಂದು ಪತ್ರ ಬರೆದರು. ಅದರ ಮುಖ್ಯ ಕರ್ತೃ ವ್ರೊತ್ಸ್ವಾಫ್‌ನ ಬೊಲೆಸ್ವಾಫ್ ಕೊಮಿನೆಕ್. 1903ರಲ್ಲಿ, ಆಗ ಜರ್ಮನಿಗೆ ಸೇರಿದ್ದ ಮೇಲಣ ಸೈಲೀಷಿಯಾದಲ್ಲಿ ಹುಟ್ಟಿದ ಕೊಮಿನೆಕ್ ಎರಡೂ ಭಾಷೆಗಳನ್ನು ಬಲ್ಲವರಾಗಿದ್ದರು. ಪತ್ರವನ್ನು ಜರ್ಮನ್ ಭಾಷೆಯಲ್ಲಿಯೇ ರಚಿಸಿದರು. ಸಹಿ ಹಾಕಿದ 34 ಮಂದಿಯಲ್ಲಿ ಕಾರ್ಡಿನಲ್ ಸ್ಟೆಫಾನ್ ವಿಶಿನ್ಸ್ಕಿ ಮತ್ತು ಮುಂದೆ ಎರಡನೆಯ ಜಾನ್ ಪಾಲ್ ಎಂಬ ಹೆಸರಿನಿಂದ ಪೋಪ್ ಆದ ಕರೋಲ್ ವೊಯ್ತಿವಾ ಇದ್ದರು.

966ರಲ್ಲಿ ಪೋಲೆಂಡ್ ಕ್ರೈಸ್ತಧರ್ಮ ಸ್ವೀಕರಿಸಿದ ಘಟನೆಯ ಸಹಸ್ರಮಾನೋತ್ಸವಕ್ಕೆ ಜರ್ಮನ್ ಧರ್ಮಾಧ್ಯಕ್ಷರನ್ನು ಆಹ್ವಾನಿಸುವುದು ಪತ್ರದ ಹೊರ ನೆಪ. ಸಾವಿರ ವರ್ಷಗಳ ಸಂಬಂಧವನ್ನು, ಅದರ ಒಳಿತನ್ನೂ ಕೆಡುಕನ್ನೂ, ಪತ್ರ ವಿಸ್ತಾರವಾಗಿ ವಿವರಿಸುತ್ತದೆ. ಹಿಟ್ಲರನ ಆಳ್ವಿಕೆಯ ಭೀಕರತೆಯನ್ನು ಮುಚ್ಚಿಡುವುದಿಲ್ಲ. ಓಡರ್–ನೈಸೆ ಗಡಿ ಪೋಲೆಂಡಿಗೆ ಬದುಕಿನ ಪ್ರಶ್ನೆ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದೇ ಉಸಿರಿನಲ್ಲಿ ಉಚ್ಚಾಟಿತ ಜರ್ಮನರ ನೋವನ್ನೂ ಉಲ್ಲೇಖಿಸುತ್ತದೆ. ಕೊನೆಯಲ್ಲಿ ಪೋಲೆಂಡಿನ ಧರ್ಮಾಧ್ಯಕ್ಷರು ಕ್ಷಮೆ ನೀಡುವುದರ ಜೊತೆಗೆ ಕ್ಷಮೆಯನ್ನು ಬೇಡುತ್ತಾರೆ.

ಇಲ್ಲಿಯೇ ವಿವಾದ ಹುಟ್ಟಿತು. ಕ್ಷಮಿಸುವುದೇ ಕಷ್ಟವಾಗಿದ್ದ ದೇಶದಲ್ಲಿ, ಕ್ಷಮೆ ಬೇಡುವಂಥ ಅಪರಾಧವನ್ನು ತಾವೇನು ಮಾಡಿದ್ದೇವೆ ಎಂದು ಸಾಮಾನ್ಯ ಭಕ್ತರೂ ಕೇಳಿದರು. ಯುದ್ಧ ಮುಗಿದು ಆಗಿನ್ನೂ 20 ವರ್ಷ. ಕಮ್ಯುನಿಸ್ಟ್ ಸರ್ಕಾರಕ್ಕೆ ಇದು ಚರ್ಚನ್ನು ಹಣಿಯಲು ಸಿಕ್ಕ ಅವಕಾಶವಾಯಿತು. ಧರ್ಮಾಧ್ಯಕ್ಷರು ದೇಶದ ಪರವಾಗಿ ಮಾತನಾಡಲು ಅಧಿಕಾರವಿಲ್ಲದವರು ಎಂದು ಪತ್ರಿಕೆಗಳು ದಾಳಿ ಮಾಡಿದವು. ಕಾರ್ಖಾನೆಗಳಲ್ಲಿ ಖಂಡನಾ ಸಭೆಗಳು ನಡೆದವು. ವಿಶಿನ್ಸ್ಕಿ ಅವರಿಗೆ ರೋಮಿಗೆ ಹೋಗಲು ಪಾಸ್‌ಪೋರ್ಟ್ ನಿರಾಕರಿಸಲಾಯಿತು. ಸಹಸ್ರಮಾನೋತ್ಸವಕ್ಕೆ ಬರಬೇಕಿದ್ದ ಆರನೆಯ ಪೋಪ್ ಪಾಲ್ ಅವರಿಗೂ ಅನುಮತಿ ಸಿಗಲಿಲ್ಲ. ಸರ್ಕಾರದ ಕೋಪಕ್ಕೆ ರಾಜಕೀಯ ಕಾರಣವೂ ಇತ್ತು: ಪಶ್ಚಿಮ ಜರ್ಮನಿಯ ಭಯವೇ ಸೋವಿಯತ್ ಮೈತ್ರಿಯ ಸಮರ್ಥನೆಯಾಗಿತ್ತು. ಆ ಭಯ ಕರಗಿದರೆ ಆಳುವವರ ವಾದವೇ ಕುಸಿಯುತ್ತಿತ್ತು.

ಡಿಸೆಂಬರ್ 5ರಂದು ಬಂದ ಜರ್ಮನ್ ಧರ್ಮಾಧ್ಯಕ್ಷರ ಉತ್ತರ ಸೌಜನ್ಯದಿಂದ ಕೂಡಿತ್ತು, ಆದರೆ ಗಡಿಯ ವಿಷಯದಲ್ಲಿ ಜಾರಿಕೊಂಡಿತು. ತಮ್ಮ ದೇಶದ ಕ್ಯಾಥೊಲಿಕರಲ್ಲಿ ಉಚ್ಚಾಟಿತರು ಬಹುಸಂಖ್ಯೆಯಲ್ಲಿದ್ದುದರಿಂದ ಅವರು ಎಚ್ಚರಿಕೆ ವಹಿಸಿದರು ಎಂಬುದು ಅರ್ಥವಾಗುವ ಸಂಗತಿ; ಆದರೂ ಅಪಾಯವನ್ನು ಮೈಮೇಲೆ ಎಳೆದುಕೊಂಡು ಬರೆದಿದ್ದ ಪೋಲೆಂಡಿನವರಿಗೆ ಆ ಉತ್ತರ ನಿರಾಶೆ ತಂದಿತು. ಗಡಿಯನ್ನು ಒಪ್ಪಿಕೊಳ್ಳಬೇಕೆಂದು ಬಹಿರಂಗವಾಗಿ ಹೇಳಿದ ಜರ್ಮನ್ ಕ್ಯಾಥೊಲಿಕರೆಂದರೆ, 1968ರಲ್ಲಿ ಮನವಿಪತ್ರ ಹೊರಡಿಸಿದ ಬೆನ್ಸ್‌ಬರ್ಗ್ ಬಳಗದ ಗೃಹಸ್ಥ ಚಿಂತಕರು ಮತ್ತು ಧರ್ಮಶಾಸ್ತ್ರಜ್ಞರು.

ವಾರ್ಸಾ ಒಪ್ಪಂದ ಮತ್ತು ವಿಲ್ಲಿ ಬ್ರಾಂಟ್

1969ರಲ್ಲಿ ಚಾನ್ಸಲರ್ ಆದ ವಿಲ್ಲಿ ಬ್ರಾಂಟ್ ಪೂರ್ವದ ದೇಶಗಳೊಂದಿಗೆ ಮಾತುಕತೆ ಆರಂಭಿಸಿದರು. 1970ರ ಡಿಸೆಂಬರ್ 7ರಂದು ವಾರ್ಸಾದಲ್ಲಿ ಸಹಿಯಾದ ಒಪ್ಪಂದದಲ್ಲಿ ಪಶ್ಚಿಮ ಜರ್ಮನಿಯು ಓಡರ್–ನೈಸೆ ರೇಖೆಯನ್ನು ಪೋಲೆಂಡಿನ ಪಶ್ಚಿಮ ಗಡಿ ಎಂದು ಒಪ್ಪಿಕೊಂಡಿತು. ಅದೇ ದಿನ ಯಹೂದಿ ಕೇರಿಯ ವೀರರ ಸ್ಮಾರಕಕ್ಕೆ ಹೂಮಾಲೆ ಅರ್ಪಿಸಿದ ಬ್ರಾಂಟ್ ಅನಿರೀಕ್ಷಿತವಾಗಿ ಒದ್ದೆ ನೆಲದ ಮೇಲೆ ಮಂಡಿಯೂರಿದರು. ಬ್ರಾಂಟ್ ಸ್ವತಃ ನಾತ್ಸಿ ವಿರೋಧಿಯಾಗಿ 1933ರಲ್ಲಿಯೇ ದೇಶ ತೊರೆದು ನಾರ್ವೆಗೆ ಹೋಗಿದ್ದವರು. ವೈಯಕ್ತಿಕವಾಗಿ ಅವರು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾದ್ದು ಏನೂ ಇರಲಿಲ್ಲ.

ಇಂದು ಜಗತ್ಪ್ರಸಿದ್ಧವಾದ ಆ ಚಿತ್ರಕ್ಕೆ ಅಂದು ಸಿಕ್ಕ ಸ್ವಾಗತ ಮಿಶ್ರವಾಗಿತ್ತು. ‘ಡೆರ್ ಸ್ಪೀಗಲ್’ ಪತ್ರಿಕೆ ನಡೆಸಿದ ಸಮೀಕ್ಷೆಯಲ್ಲಿ ಶೇಕಡಾ 48ರಷ್ಟು ಪಶ್ಚಿಮ ಜರ್ಮನರು ಈ ನಡೆಯನ್ನು ಅತಿಯೆಂದರು. ಸರಿಯೆಂದವರು ಶೇಕಡಾ 41. ಪೋಲೆಂಡಿನ ಪತ್ರಿಕೆಗಳು ಆ ಚಿತ್ರವನ್ನು ಬಹುಮಟ್ಟಿಗೆ ಪ್ರಕಟಿಸಲೇ ಇಲ್ಲ. ಮಂಡಿಯೂರಿದ ಜರ್ಮನ್ ನಾಯಕನ ಚಿತ್ರ ಸರ್ಕಾರದ ಪ್ರಚಾರಕ್ಕೆ ಒಗ್ಗುತ್ತಿರಲಿಲ್ಲ. ಅಲ್ಲದೆ ಸ್ಮಾರಕ ಯಹೂದಿ ಹೋರಾಟಗಾರರದ್ದು. 1944ರ ದಂಗೆಯಲ್ಲಿ ಸತ್ತವರಿಗೆ ಇಂಥ ಗೌರವ ಸಲ್ಲಲಿಲ್ಲವೆಂಬ ಮಾತು ಪೋಲೆಂಡಿನಲ್ಲಿ ಬಹುಕಾಲ ಉಳಿಯಿತು. 1971ರಲ್ಲಿ ಬ್ರಾಂಟ್ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ದೊರೆಯಿತು. 1972ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಜರ್ಮನ್ ಸಂಸತ್ತಿನ ಅನುಮೋದನೆ ಸಿಕ್ಕಿತು. ಪ್ರತಿಪಕ್ಷದ ಬಹುತೇಕ ಸದಸ್ಯರು ತಟಸ್ಥರಾಗಿ ಉಳಿದರು. ಮರು ತಿಂಗಳೇ ವ್ಯಾಟಿಕನ್ ಆ ಪ್ರದೇಶಗಳಲ್ಲಿ ಖಾಯಂ ಪೋಲಿಷ್ ಧರ್ಮಪ್ರಾಂತ್ಯಗಳನ್ನು ಸ್ಥಾಪಿಸಿತು. ಕೊಮಿನೆಕ್ ಅವರ ವ್ರೊತ್ಸ್ವಾಫ್ ಪೀಠಕ್ಕೆ ಪೂರ್ಣ ಮಾನ್ಯತೆ ಬಂದದ್ದು ಆಗಲೇ.

ಆದರೂ ಒಪ್ಪಂದದಲ್ಲಿ ಒಂದು ಬಿರುಕು ಉಳಿದಿತ್ತು. ಪಶ್ಚಿಮ ಜರ್ಮನಿಯ ಕಾನೂನು ನಿಲುವಿನ ಪ್ರಕಾರ ಅದು ತನ್ನ ಪರವಾಗಿ ಮಾತ್ರ ಮಾತು ಕೊಡಬಲ್ಲುದಾಗಿತ್ತು. ಮುಂದೆ ಒಂದಾಗಬಹುದಾದ ಜರ್ಮನಿಯನ್ನು ಆ ಮಾತು ಕಟ್ಟಿಹಾಕುತ್ತಿರಲಿಲ್ಲ.

ಪಠ್ಯಪುಸ್ತಕಗಳು ಮತ್ತು ಪೊಟ್ಟಣಗಳು

1972ರಲ್ಲಿ ಯುನೆಸ್ಕೋ ಆಶ್ರಯದಲ್ಲಿ ಎರಡೂ ದೇಶಗಳ ಇತಿಹಾಸ ಹಾಗೂ ಭೂಗೋಳ ತಜ್ಞರ ಪಠ್ಯಪುಸ್ತಕ ಆಯೋಗ ರಚನೆಯಾಯಿತು. 1976ರಲ್ಲಿ ಅದು ಪ್ರಕಟಿಸಿದ ಶಿಫಾರಸುಗಳಲ್ಲಿ ‘ಉಚ್ಚಾಟನೆ’ ಎಂಬ ಪದವನ್ನು ಉದ್ದೇಶಪೂರ್ವಕವಾಗಿ ತಪ್ಪಿಸಲಾಗಿತ್ತು. 1939ರ ರಹಸ್ಯ ಒಡಂಬಡಿಕೆಯ ಬಗ್ಗೆಯೂ ಮೌನವಿತ್ತು, ಏಕೆಂದರೆ ಅಂಥ ಒಡಂಬಡಿಕೆ ಇತ್ತೆಂಬುದನ್ನೇ ಮಾಸ್ಕೋ ಆಗ ನಿರಾಕರಿಸುತ್ತಿತ್ತು. ಪಶ್ಚಿಮ ಜರ್ಮನಿಯ ಹಲವು ರಾಜ್ಯಗಳಲ್ಲಿ ಈ ಶಿಫಾರಸುಗಳ ಮೇಲೆ ವರ್ಷಗಟ್ಟಲೆ ಜಗಳ ನಡೆಯಿತು. ಹೀಗಿದ್ದರೂ ಆಯೋಗ ನಿಲ್ಲಲಿಲ್ಲ. ಎರಡೂ ದೇಶಗಳ ಶಾಲೆಗಳಲ್ಲಿ ಬಳಸಬಹುದಾದ, ಎರಡೂ ಭಾಷೆಗಳಲ್ಲಿ ಹೊರಬಂದ ‘ಯುರೋಪ್: ನಮ್ಮ ಇತಿಹಾಸ’ ಎಂಬರ್ಥದ ಶೀರ್ಷಿಕೆಯ ನಾಲ್ಕು ಸಂಪುಟಗಳು 2016ರಿಂದ 2020ರ ಅವಧಿಯಲ್ಲಿ ಪ್ರಕಟವಾದವು.

1981ರ ಡಿಸೆಂಬರ್‌ನಲ್ಲಿ ಪೋಲೆಂಡಿನಲ್ಲಿ ಸೇನಾಡಳಿತ ಹೇರಿದಾಗ ಅಂಗಡಿಗಳು ಬರಿದಾಗಿದ್ದವು. ಪಶ್ಚಿಮ ಜರ್ಮನಿಯ ಸಾಮಾನ್ಯ ಕುಟುಂಬಗಳು ಆಹಾರ, ಔಷಧಿ, ಬಟ್ಟೆಗಳ ಲಕ್ಷಾಂತರ ಪೊಟ್ಟಣಗಳನ್ನು ಅಂಚೆಯ ಮೂಲಕ ಕಳುಹಿಸಿದವು. ಸರ್ಕಾರ ಅಂಚೆವೆಚ್ಚವನ್ನು ಕೆಲಕಾಲ ಮನ್ನಾ ಮಾಡಿತು. ಒಪ್ಪಂದಗಳ ಇತಿಹಾಸದಲ್ಲಿ ಇದಕ್ಕೆ ಅಡಿಟಿಪ್ಪಣಿಯಷ್ಟೇ ಸ್ಥಳ ಸಿಗುತ್ತದೆ. ಆದರೆ ಜರ್ಮನರೆಂದರೆ ಯುದ್ಧಕಾಲದ ಸಮವಸ್ತ್ರವನ್ನಷ್ಟೇ ನೆನೆಯುತ್ತಿದ್ದ ಮನೆಗಳಿಗೆ ಕಾಫಿಪುಡಿ, ಚಾಕೊಲೇಟುಗಳೊಂದಿಗೆ ಒಂದು ವಿಳಾಸವೂ ಬಂದದ್ದು ಸಣ್ಣ ಸಂಗತಿಯಲ್ಲ.

1989–1991

1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆದುಕೊಂಡಾಗ ಚಾನ್ಸಲರ್ ಹೆಲ್ಮುಟ್ ಕೋಲ್ ವಾರ್ಸಾದಲ್ಲಿದ್ದರು. ಭೇಟಿಯನ್ನು ಅರ್ಧಕ್ಕೆ ನಿಲ್ಲಿಸಿ ಬರ್ಲಿನ್‌ಗೆ ಧಾವಿಸಿದ ಅವರು ಮತ್ತೆ ಹಿಂದಿರುಗಿ ನವೆಂಬರ್ 12ರಂದು ಕ್ಶಿಝೋವಾ ಗ್ರಾಮದಲ್ಲಿ ಧರ್ಮಾಧ್ಯಕ್ಷ ಆಲ್ಫೊನ್ಸ್ ನೊಸ್ಸೊಲ್ ಅರ್ಪಿಸಿದ ಬಲಿಪೂಜೆಯಲ್ಲಿ ಭಾಗವಹಿಸಿದರು. ಅಲ್ಲಿ ಪೋಲೆಂಡಿನ ಪ್ರಧಾನಿ ತದೇವುಶ್ ಮಝೊವಿಯೆತ್ಸ್ಕಿ ಮತ್ತು ಕೋಲ್ ಪರಸ್ಪರ ಆಲಿಂಗಿಸಿಕೊಂಡರು. ಹಿಂದೆ ಕ್ರೈಸೌ ಎಂದು ಕರೆಯುತ್ತಿದ್ದ ಈ ಗ್ರಾಮ, ಹಿಟ್ಲರನ ವಿರೋಧಿಯಾಗಿ 1945ರ ಜನವರಿಯಲ್ಲಿ ಗಲ್ಲಿಗೇರಿದ ಹೆಲ್ಮುಟ್ ಜೇಮ್ಸ್ ಫಾನ್ ಮೋಲ್ಟ್ಕೆ ಅವರ ಎಸ್ಟೇಟ್ ಆಗಿತ್ತು. ಈಗ ಅದು ಅಂತಾರಾಷ್ಟ್ರೀಯ ಯುವ ಸಮಾಗಮ ಕೇಂದ್ರ.

ಆಲಿಂಗನದ ನಂತರದ ತಿಂಗಳುಗಳು ಸುಗಮವಾಗಿರಲಿಲ್ಲ. ಉಚ್ಚಾಟಿತರ ಮತಗಳನ್ನು ಕಳೆದುಕೊಳ್ಳುವ ಆತಂಕದಿಂದ ಕೋಲ್ ಗಡಿಯ ಬಗ್ಗೆ ಸ್ಪಷ್ಟ ಮಾತು ಕೊಡಲು ಹಿಂಜರಿದರು. ವಾರ್ಸಾದಲ್ಲಿ ಹಳೆಯ ಭಯ ಮರುಕಳಿಸಿತು. ಜರ್ಮನಿಯ ಏಕೀಕರಣದ ಮಾತುಕತೆಯಲ್ಲಿ ತನ್ನ ಗಡಿಯ ವಿಷಯ ಬಂದಾಗ ತಾನೂ ಹಾಜರಿರಬೇಕೆಂದು ಪೋಲೆಂಡ್ ಪಟ್ಟುಹಿಡಿದು, 1990ರ ಜುಲೈನ ಪ್ಯಾರಿಸ್ ಸಭೆಯಲ್ಲಿ ಪಾಲ್ಗೊಂಡಿತು. ನವೆಂಬರ್ 14ರಂದು ಒಂದಾದ ಜರ್ಮನಿ ವಾರ್ಸಾದಲ್ಲಿ ಗಡಿ ಒಪ್ಪಂದಕ್ಕೆ ಸಹಿ ಹಾಕಿತು. ಪಾಟ್ಸ್‌ಡ್ಯಾಮ್‌ನಲ್ಲಿ ಮುಂದೂಡಿದ್ದ ಪ್ರಶ್ನೆ ಇಲ್ಲಿ ಮುಗಿಯಿತು. ಇದಾದ ಮೇಲೆ ಉಳಿದದ್ದು ವೇಗವಾಗಿ ನಡೆಯಿತು: 1991ರ ಜೂನ್ 17ರಂದು ಬಾನ್‌ನಲ್ಲಿ ಸಜ್ಜನ ನೆರೆಹೊರೆ ಒಪ್ಪಂದ, ಪೋಲೆಂಡಿನ ಜರ್ಮನ್ ಅಲ್ಪಸಂಖ್ಯಾತರಿಗೆ ಮನ್ನಣೆ, ಫ್ರೆಂಚ್–ಜರ್ಮನ್ ಮಾದರಿಯಲ್ಲಿ ಯುವಜನ ಕಚೇರಿ. ಈ ಕಚೇರಿಯ ವಿನಿಮಯ ಕಾರ್ಯಕ್ರಮಗಳಲ್ಲಿ ಈವರೆಗೆ 30 ಲಕ್ಷಕ್ಕೂ ಹೆಚ್ಚು ಯುವಜನರು ಪಾಲ್ಗೊಂಡಿದ್ದಾರೆ.

1994ರ ಆಗಸ್ಟ್ 1ರಂದು, ವಾರ್ಸಾ ದಂಗೆಯ 50ನೆಯ ವಾರ್ಷಿಕದಲ್ಲಿ, ಜರ್ಮನ್ ಅಧ್ಯಕ್ಷ ರೋಮನ್ ಹೆರ್ಜೋಗ್ ಪೋಲೆಂಡಿನ ಕ್ಷಮೆ ಕೇಳಿದರು. ಅದಕ್ಕೂ ಮುಂಚೆ ಸಂದರ್ಶನವೊಂದರಲ್ಲಿ ಅವರು 1944ರ ದಂಗೆಯನ್ನು ಯಹೂದಿ ಕೇರಿಯ ದಂಗೆಯೊಂದಿಗೆ ಬೆರೆಸಿಬಿಟ್ಟಿದ್ದರು. ಮರುವರ್ಷ ಆಶ್ವಿಟ್ಜ್‌ನ ಮಾಜಿ ಬಂದಿಯೂ ವಿದೇಶಾಂಗ ಸಚಿವರೂ ಆಗಿದ್ದ ವ್ವಾದಿಸ್ವಾಫ್ ಬಾರ್ತೊಶೆವ್ಸ್ಕಿ ಜರ್ಮನ್ ಸಂಸತ್ತಿನಲ್ಲಿ ಮಾತನಾಡುತ್ತ, ನಿರಪರಾಧಿ ಜರ್ಮನರು ಅನುಭವಿಸಿದ ಉಚ್ಚಾಟನೆಯ ಬಗ್ಗೆ ದುಃಖ ವ್ಯಕ್ತಪಡಿಸಿದರು. 1965ರಲ್ಲಿ ಧರ್ಮಾಧ್ಯಕ್ಷರಿಗೆ ದ್ರೋಹಿಗಳೆಂಬ ಹೆಸರು ತಂದ ಮಾತನ್ನು ಈಗ ಪೋಲೆಂಡಿನ ಸರ್ಕಾರದ ಸಚಿವರೊಬ್ಬರು ಆಡಿದರು.

ಪರಿಹಾರದ ಪ್ರಶ್ನೆ

ಗಡಿಯಂತೆ ಹಣದ ಪ್ರಶ್ನೆಗೆ ಒಪ್ಪಿತವಾದ ಅಂತ್ಯ ಸಿಕ್ಕಿಲ್ಲ. 1953ರಲ್ಲಿ ಪೋಲೆಂಡಿನ ಕಮ್ಯುನಿಸ್ಟ್ ಸರ್ಕಾರವು ಯುದ್ಧಪರಿಹಾರದ ಹಕ್ಕನ್ನು ಬಿಟ್ಟುಕೊಡುವುದಾಗಿ ಘೋಷಿಸಿತ್ತು. ಜರ್ಮನಿ ಈ ಘೋಷಣೆಯನ್ನೂ 1990ರ ಏಕೀಕರಣ ಒಪ್ಪಂದವನ್ನೂ ಆಧರಿಸಿ ವಿಷಯ ಮುಗಿದಿದೆ ಎನ್ನುತ್ತದೆ. ಆ ಘೋಷಣೆ ಸೋವಿಯತ್ ಒತ್ತಡದಲ್ಲಿ ಬಂದದ್ದರಿಂದ ಅಸಿಂಧು ಎಂಬುದು ಪೋಲೆಂಡಿನ ಹಲವರ ವಾದ.

ವೈಯಕ್ತಿಕ ಪರಿಹಾರ ಅಲ್ಪಸ್ವಲ್ಪ ದೊರೆತಿದೆ. 1991ರಲ್ಲಿ ಸ್ಥಾಪನೆಯಾದ ಪೋಲಿಷ್–ಜರ್ಮನ್ ಸಾಮರಸ್ಯ ಪ್ರತಿಷ್ಠಾನಕ್ಕೆ ಜರ್ಮನಿ 50 ಕೋಟಿ ಮಾರ್ಕ್ ನೀಡಿತು. 2000ದಲ್ಲಿ ಜರ್ಮನ್ ಸರ್ಕಾರ ಮತ್ತು ಉದ್ಯಮಗಳು ಸೇರಿ 1,000 ಕೋಟಿ ಮಾರ್ಕ್‌ಗಳ ನಿಧಿ ಸ್ಥಾಪಿಸಿ, 2007ರವರೆಗೆ ಹಲವು ದೇಶಗಳ 16 ಲಕ್ಷಕ್ಕೂ ಹೆಚ್ಚು ಬಲವಂತದ ದುಡಿಮೆಗಾರರಿಗೆ ಹಣ ನೀಡಿದವು. ಯುದ್ಧ ಮುಗಿದು ಅರ್ಧ ಶತಮಾನ ಕಳೆದಿದ್ದರಿಂದ ಅರ್ಹರಲ್ಲಿ ಬಹುಪಾಲು ಜನ ಅಷ್ಟರಲ್ಲಿ ತೀರಿಕೊಂಡಿದ್ದರು.

ಎದುರು ದಿಕ್ಕಿನಿಂದಲೂ ಬೇಡಿಕೆಗಳು ಬಂದವು. ಉಚ್ಚಾಟಿತ ಜರ್ಮನರ ಆಸ್ತಿಗಾಗಿ ‘ಪ್ರಷ್ಯನ್ ಟ್ರಸ್ಟ್’ ಎಂಬ ಕಂಪನಿ ಹೂಡಿದ ದಾವೆಯನ್ನು ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ 2008ರ ಅಕ್ಟೋಬರ್‌ನಲ್ಲಿ ತಳ್ಳಿಹಾಕಿತು. ಇಂಥ ಬೇಡಿಕೆಗಳನ್ನು ತಮ್ಮ ಸರ್ಕಾರ ಬೆಂಬಲಿಸುವುದಿಲ್ಲವೆಂದು ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ 2004ರ ಆಗಸ್ಟ್ 1ರಂದೇ ವಾರ್ಸಾದಲ್ಲಿ ಸ್ಪಷ್ಟಪಡಿಸಿದ್ದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಪೋಲೆಂಡಿನ ಸಂಸತ್ತು ತನಗೆ ಇನ್ನೂ ಸಾಕಷ್ಟು ಪರಿಹಾರ ದೊರೆತಿಲ್ಲವೆಂದು ನಿರ್ಣಯ ಅಂಗೀಕರಿಸಿತು. 2022ರ ಸೆಪ್ಟೆಂಬರ್ 1ರಂದು ಪೋಲೆಂಡ್ ಸರ್ಕಾರ ಯುದ್ಧನಷ್ಟವನ್ನು 6.2 ಲಕ್ಷ ಕೋಟಿ ಝ್ವಾಟಿ, ಅಂದರೆ ಸುಮಾರು 1.3 ಲಕ್ಷ ಕೋಟಿ ಯೂರೋ ಎಂದು ಲೆಕ್ಕಹಾಕಿ, ಮರು ತಿಂಗಳು ಜರ್ಮನಿಗೆ ಅಧಿಕೃತ ಟಿಪ್ಪಣಿ ಕಳುಹಿಸಿತು. 2023ರ ಜನವರಿಯಲ್ಲಿ ಜರ್ಮನಿ ಅದನ್ನು ನಿರಾಕರಿಸಿತು.

ಸ್ಮಾರಕಗಳು

ಯಾರ ನೋವನ್ನು, ಎಲ್ಲಿ, ಹೇಗೆ ಸ್ಮರಿಸಬೇಕು ಎಂಬುದು ಇತ್ತೀಚಿನ ದಶಕಗಳ ಮುಖ್ಯ ವಿವಾದ. ಉಚ್ಚಾಟಿತರ ಒಕ್ಕೂಟದ ಅಧ್ಯಕ್ಷೆ ಎರಿಕಾ ಸ್ಟೈನ್‌ಬಾಖ್ 2000ದಲ್ಲಿ ಬರ್ಲಿನ್‌ನಲ್ಲಿ ಉಚ್ಚಾಟನೆಯ ಕುರಿತ ಕೇಂದ್ರವೊಂದನ್ನು ಕಟ್ಟುವ ಯೋಜನೆ ಮುಂದಿಟ್ಟಾಗ, ಜರ್ಮನಿ ತನ್ನನ್ನು ಬಲಿಪಶುವೆಂದು ಚಿತ್ರಿಸಿಕೊಳ್ಳುತ್ತಿದೆ ಎಂಬ ತೀವ್ರ ಟೀಕೆ ಪೋಲೆಂಡಿನಿಂದ ಬಂತು. ಬಹಳ ಬದಲಾವಣೆಗಳ ನಂತರ, ಸರ್ಕಾರಿ ಪ್ರತಿಷ್ಠಾನದ ಅಡಿಯಲ್ಲಿ, ಇತರ ದೇಶಗಳ ಬಲವಂತದ ವಲಸೆಗಳನ್ನೂ ಒಳಗೊಂಡ ದಾಖಲಾತಿ ಕೇಂದ್ರವಾಗಿ 2021ರಲ್ಲಿ ಅದು ಬರ್ಲಿನ್‌ನಲ್ಲಿ ಆರಂಭವಾಯಿತು.

2019ರ ಸೆಪ್ಟೆಂಬರ್ 1ರಂದು ಅಧ್ಯಕ್ಷ ಫ್ರಾಂಕ್–ವಾಲ್ಟರ್ ಸ್ಟೈನ್‌ಮೈಯರ್ ವಿಯೆಲೂನ್ ಪಟ್ಟಣದಲ್ಲಿ, ಮೊದಲ ಬಾಂಬುಗಳು ಬಿದ್ದ ಹೊತ್ತಿನಲ್ಲಿಯೇ, ಕ್ಷಮೆ ಯಾಚಿಸಿದರು. ಆ ಪಟ್ಟಣದ ಹೆಸರನ್ನು ಅಲ್ಲಿಯವರೆಗೆ ಕೇಳಿಯೇ ಇರದ ಜರ್ಮನರು ಅನೇಕರು. ಬರ್ಲಿನ್‌ನಲ್ಲಿ ಯಹೂದಿಗಳು, ಸಿಂಟಿ ಮತ್ತು ರೋಮಾ ಜನಾಂಗದವರು ಮೊದಲಾದವರಿಗೆ ಪ್ರತ್ಯೇಕ ಸ್ಮಾರಕಗಳಿದ್ದರೂ ಆಕ್ರಮಣಕ್ಕೆ ಬಲಿಯಾದ ಪೋಲಿಷ್ ಪ್ರಜೆಗಳಿಗೆ ಇರಲಿಲ್ಲ. ಅಂಥದ್ದೊಂದು ಸ್ಥಳ ಬೇಕೆಂದು ಜರ್ಮನ್ ಸಂಸತ್ತು 2020ರ ಅಕ್ಟೋಬರ್‌ನಲ್ಲಿ ನಿರ್ಣಯಿಸಿತು. ತಾತ್ಕಾಲಿಕ ಸ್ಮಾರಕವಾಗಿ ಒಂದು ಬಂಡೆಯನ್ನು 2025ರ ಜೂನ್‌ನಲ್ಲಿ ಅನಾವರಣಗೊಳಿಸಲಾಯಿತು. ಅದು ನಿಂತಿರುವುದು ಹಿಂದಿನ ಕ್ರೋಲ್ ಒಪೆರಾ ಕಟ್ಟಡದ ನಿವೇಶನದಲ್ಲಿ. 1939ರ ಸೆಪ್ಟೆಂಬರ್ 1ರಂದು ಪೋಲೆಂಡಿನ ಮೇಲಿನ ದಾಳಿಯನ್ನು ಹಿಟ್ಲರ್ ಜರ್ಮನ್ ಸಂಸತ್ತಿಗೆ ತಿಳಿಸಿದ್ದು ಆ ಕಟ್ಟಡದಲ್ಲಿ.